ವೆಂದೆಲೀನನ ಮುಳ್ಳು

ಗುರುವಾರ ಗುರುವಾರ ಬರುತ್ತಾಳೆ ಬ್ಲಾಝೆನಾ,
ಸಂಬಳ ನಿಂತು ಹತ್ತೊಂಬತ್ತು ವರ್ಷವಾದರೂ.
ಕೋಟು ಗೂಟಕ್ಕೆ, ಗಸಗಸೆ ತುಂಬಿದ ಬನ್ನು ನನ್ನ ಮೇಜಿಗೆ,
ಕಣ್ಣು ನೇರ ಮಸೂರಕ್ಕೆ.
ಅಕ್ಟೋಬರ್. ಬೊಹೆಮಿಯಾದ ಕೆರೆಗಳಿಗೆಲ್ಲ ತೂಬು ಎತ್ತಿದ್ದಾರೆ,
ಕಾರ್ಪ್ ಮೀನು ಹಿಡಿಯುವ ಕಾಲ;
ಕಿಟಕಿ ಸಂದಿಯಿಂದ ನುಗ್ಗಿದ ಕೆಸರಿನ ವಾಸನೆ
ಅಯೋಡಿನ್ ಜೊತೆ ಜಗಳಕ್ಕೆ ನಿಂತಿದೆ.

ಈ ಗುರುವಾರ ಅವಳಿಗೊಂದು ಮಾತು ಹೇಳಬೇಕು.
ಮೂರು ದಿನದಿಂದ ನಾಲಿಗೆ ತುದಿಯಲ್ಲೇ ಇದೆ.

ಅವಳ ಹಾಳೆಗಳು ಕಪಾಟಿನಲ್ಲಿವೆ.
ಕಪ್ಪು ಶಾಯಿ, ಕೂದಲೆಳೆಯಂಥ ನಿಬ್ಬು,
ಒಂದೊಂದು ಜೀವಕೋಶವೂ ಅಂಗೈಯಗಲ:
ಅರ್ಧಚಂದ್ರ, ಕದಿರು, ದೋಣಿ,
ಮಗ್ಗುಲಿಗೆ ಮಗ್ಗುಲು ತಾಗಿಸಿ ನಿಂತ ನಾಲ್ವರು ಅಣ್ಣತಮ್ಮಂದಿರು,
ಅಂಚಿನ ಇಬ್ಬರಿಗೆ ಎರಡೆರಡು ಮುಳ್ಳು.
ಆ ನಾಲ್ವರನ್ನು ಅವಳು ಕಂಡದ್ದು ಎಪ್ಪತ್ತೊಂದರಲ್ಲಿ,
ಹ್ಲುಖೀ ಕೆರೆಯ ನಡುನೀರಿನಲ್ಲಿ. ಹ್ಲುಖೀ ಅಂದರೆ ಕಿವುಡು.
ಹುಟ್ಟು ಹಾಕುತ್ತಿದ್ದವನು ಕೆರೆಕಾವಲಿನ ವೆಂದೆಲೀನ್.
ಲ್ಯಾಟಿನ್ ಬಾಲ ಹಚ್ಚಿ
ಅವನ ಹೆಸರನ್ನೇ ಇಟ್ಟಳು.
ಯಾಕೆಂದು ನಾವು ಯಾರೂ ಕೇಳಿಲ್ಲ.
ಹಾಳೆಯ ಮೂಲೆಯಲ್ಲಿ, ಅಳತೆಗೆರೆಯ ಪಕ್ಕ,
ಒಂದು ಟೋಪಿ ಇದೆ. ಚಿಕ್ಕದು, ಪೆನ್ಸಿಲ್ಲಿನದು.

ನನ್ನ ಕೆಲಸಕ್ಕೆ ಅಂಥ ಕಣ್ಣು ಬೇಡ.
ಮಂಜುಗಡ್ಡೆಯಲ್ಲಿ ಹುಗಿದ ಕೊಳವೆ, ಒಂದು ಹನಿ,
ಕೋಶದ ಗೋಡೆ ಒಡೆಯಲು ಗಾಜಿನ ಮಣಿ.
ಯಂತ್ರ ರಾತ್ರಿಯೆಲ್ಲ ಬಿಸಿಯಾಗಿ ತಣ್ಣಗಾಗಿ
ಬೆಳಗಿಗೆ ಡಿಎನ್‌ಎಯ ಸಾಲು ಕಕ್ಕುತ್ತದೆ,
ಎ ಟಿ ಟಿ ಜಿ ಸಿ ಎ ಎ ಸಿ,
ಉಸಿರಿಲ್ಲದ ಮಂತ್ರ.
ಅರ್ಥ ತಿಳಿಯದಿದ್ದರೂ ಪಾಠಾಂತರ ಹಿಡಿಯಬಹುದು.

ಹೋದ ವರ್ಷ ಅದೇ ಯಂತ್ರ
ಎರಡು ಹಸಿರು ಗುಂಡುಗಳ ನಂಟು ಕತ್ತರಿಸಿತು.
ಸಾಸಿವೆಗೆ ಸಾಸಿವೆ, ಒಂದೇ ಅಚ್ಚು,
ಒಂದು ಚರ್ಚಿನ ಹಿಂದಿನ ಕಾರಂಜಿಯದು, ಒಂದು ಜೌಗಿನದು;
ಅಕ್ಷರ ನೋಡಿದರೆ
ನೆಲದ ಮೇಲೆ ಗಿಡವೇ ಇರದ ಕಾಲಕ್ಕೆ
ಪಾಲಾಗಿ ಹೋದ ಮನೆತನಗಳು.
ಬೆಳ್ಳಗಿರುವುದೆಲ್ಲ ಹಾಲಲ್ಲ,
ಹಸಿರಿಗೂ ಅದೇ ಮಾತು ಬಿಡು,
ಎಂದು ಅಂದು ನಕ್ಕಿದ್ದಳು.

ಈ ಸಲ ತಿರುವುಮುರುವು.
ವೆಂದೆಲೀನನ ಮುಳ್ಳಿನ ನಾಲ್ವರು,
ಬೇರೆ ಸೀಸೆಯ, ಯಾರೋ ಜರ್ಮನ್ ಪ್ರೊಫೆಸರ್
ಐವತ್ತಮೂರರಲ್ಲೇ ಹೆಸರಿಟ್ಟ ಮುಳ್ಳಿಲ್ಲದ ಒಂಟಿ,
ಅಕ್ಷರಕ್ಕೆ ಅಕ್ಷರ ಒಂದೇ.
ಕೊಳವೆ ಅದಲುಬದಲಾಯಿತೇನೋ ಎಂದು ಮೂರು ಸಲ ಓಡಿಸಿದೆ.
ಮೊದಲಿಟ್ಟ ಹೆಸರೇ ಹೆಸರು, ನಮ್ಮ ಕಾಯಿದೆ ಅದು;
ಇನ್ನೊಂದಕ್ಕೆ ಸಣ್ಣಕ್ಷರ, ಪಟ್ಟಿಯ ಕೆಳಗಡೆ.

ಹೇಳಿದೆ.
ಬನ್ನಿನ ಪುಡಿ ಒರೆಸುತ್ತ ಕೇಳಿಸಿಕೊಂಡಳು.
ಅತ್ತಾಳೇನೋ ಅಂದುಕೊಂಡೆ. ಅವಳು ಕೇಳಿದ್ದು ನೀರುಚಿಗಟ.
ಹಸಿರು ಮೇಯುವ ಚಿಗಟ ಈಜಿದ ನೀರನ್ನು ಸೋಸಿ,
ಚಿಗಟ ತೆಗೆದು, ಬರಿ ನೀರನ್ನು
ಆ ಒಂಟಿಗೆ ಎರೆ ಎಂದಳು.

ಶನಿವಾರ, ಫೋನಿಗೂ ಕಾಯದೆ, ಬಸ್ಸು ಹಿಡಿದು ಬಂದಳು.
ಮಸೂರದಡಿ ನಾಲ್ವರು ನಿಂತಿದ್ದರು
ಎರಡೆರಡು ಮುಳ್ಳು ಸೆಟೆಸಿಕೊಂಡು.
ತಿನ್ನುವ ಬಾಯಿ ಬೇಕಿಲ್ಲ,
ಅದರ ಎಂಜಲು ಸಾಕು.

ಅವನೂ ಹೀಗೇ, ಎಂದಳು ತಲೆ ಎತ್ತದೆ.
ದಡದಲ್ಲಿ ಕಾಮ್ರೇಡುಗಳಿದ್ದರೆ ಮುಳ್ಳುಹಂದಿ.
ನಡುನೀರಿಗೆ ಬಂದಮೇಲೆ
ಸುಮ್ಮನೆ ದುಂಡಗಾಗುತ್ತಿದ್ದ.
ಆ ವರ್ಷಗಳಲ್ಲಿ ಎಲ್ಲರೂ ಎರಡು ಹೆಸರಿಟ್ಟುಕೊಂಡಿದ್ದೆವು.

ಹಾಳೆ ಕೇಳಿದಳು, ಕೊಟ್ಟೆ.
ಒಂದೇ ವೃತ್ತದಲ್ಲಿ ಒಂಟಿ, ನಾಲ್ವರು.
ಕೈ ನಡುಗಿ ಮುಳ್ಳು ಸೊಟ್ಟ.
ಹಳೆಯದನ್ನು ಬಿಸಾಡುತ್ತೀರಾ?
ಇಲ್ಲ, ಅದು ಮೂಲಮಾದರಿ, ಹೆಸರು ಸತ್ತರೂ ಹಾಳೆ ಉಳಿಯಬೇಕು.
ಹೂಂ, ಎಂದಳು.
ಕೋಟಿನ ಗುಂಡಿ ತಪ್ಪು ತೂತಿಗೆ ಹಾಕಿಕೊಳ್ಳುತ್ತ,
ಹ್ಲುಖೀ ಖಾಲಿಯಾಯಿತಾ?
ಅರ್ಧ, ಎಂದೆ. ನಾಳೆ ಬಲೆ ಎಳೆಯುತ್ತಾರಂತೆ.