ಕೋಲು ಹಿಡಿಯುವವನು

ಬರ್ಕಾದಿಂದ ಮುಂದೆ, ಹೊಸ ರಸ್ತೆಯ ಕೆಲಸದಲ್ಲಿ
ಕೋಲು ಹಿಡಿದು ನಿಲ್ಲುವವನು ನಾನು.
ಕೋಲಿನ ತುದಿಗೆ ಗಾಜಿನ ಕಣ್ಣು.
ಇನ್ನೂರು ಮೀಟರ್ ಆಚೆ ಮೂರು ಕಾಲಿನ ಯಂತ್ರ
ಅದನ್ನೊಮ್ಮೆ ನೋಡಿ ಅಂಕಿ ಬರೆದುಕೊಳ್ಳುತ್ತದೆ.
ಹತ್ತು ಗಂಟೆ ದಾಟಿದರೆ ಝಳಕ್ಕೆ ಅಂಕಿಯೇ ಕುಣಿಯುತ್ತದೆ,
ನಾನು ಕುಣಿಯಬಾರದು.
ಅಲ್ಲಾಡದೆ ನಿಂತದ್ದಕ್ಕೆ ಹನ್ನೊಂದು ವರ್ಷದ ಸಂಬಳ.

ಇವತ್ತು ರಜೆ ಕೇಳಿ ಮಸ್ಕತ್ತಿಗೆ ಬಂದಿದ್ದೇನೆ.
ಕಿಟಕಿಯಿಲ್ಲದ ಉದ್ದ ಕೋಣೆ, ಗೋಡೆಗೆ ಹತ್ತು ಕ್ಯಾಮೆರಾ,
ನೆಲದ ಸಮಕ್ಕೆ ಹುಗಿದ ಎರಡು ಲೋಹದ ಹಲಗೆ.
ಬೆರಳಿಂದ ಸವರಿ ನೋಡಿದೆ, ಕೂದಲೆಳೆಯಷ್ಟೂ ಏರಿಲ್ಲ.
ಒಳ್ಳೆ ಕೆಲಸ.
ಮಾರಿಸೆಲ್ ಎಂಬ ಫಿಲಿಪಿನೋ ಹುಡುಗಿ
ಜುಮಾನಾಳ ಸೊಂಟಕ್ಕೆ, ತೊಡೆಗೆ, ಮೊಣಕಾಲಿಗೆ, ಹಿಮ್ಮಡಿಗೆ
ನೆಲ್ಲಿಕಾಯಿಗಿಂತ ಚಿಕ್ಕ ಬೆಳ್ಳಿಗುಂಡು ಅಂಟಿಸುತ್ತಾಳೆ.
"ಉಪ್ಪಾ, ನಾನೇನು ಮದುಮಗಳಾ?"

ಎಂಟು ವರ್ಷ ಅವಳಿಗೆ. ಬೆರಳ ತುದಿಯಲ್ಲೇ ನಡೆಯುತ್ತಾಳೆ,
ಮೊಣಕಾಲು ಮೊಣಕಾಲಿಗೆ ತೀಡಿಕೊಂಡು,
ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂಬ ಹಾಗೆ.
ಏಳು ತಿಂಗಳಿಗೇ ಹುಟ್ಟಿದ್ದು, ಮೆದುಳಿಗೆ ಪೆಟ್ಟು:
ಎಷ್ಟು ಕೌಂಟರಿನಲ್ಲಿ ಹೇಳಿದ್ದೇನೋ, ಈಗ ಬಾಯಿಪಾಠ.

ಊರಿಗೆ ಹೋದಾಗ ಒಬ್ಬ ಡಾಕ್ಟರು ಕಣ್ಣಳತೆಯಲ್ಲೇ
"ಹಿಮ್ಮಡಿಯ ನರ ಗಿಡ್ಡ, ಕೊಯ್ದು ಉದ್ದ ಮಾಡುವಾ" ಅಂದಿದ್ದರು.
ಅರ್ಧ ಗಂಟೆಯ ಕೆಲಸ.
ನಾನು ಹೂಂ ಅಂದು ಮುಂಗಡ ಕಟ್ಟಿಬಂದೆ.
ಮಿಸ್ರಿಯಾ ಮಾತಾಡಲಿಲ್ಲ. ರಶೀದಿಯನ್ನು
ಎಲ್ಲೋ ಮಡಚಿ ಇಟ್ಟಳು.

"ನಡೆ" ಅಂದರು. ನಡೆದಳು.
ಹೋಗಿ ಬಂದು, ಹೋಗಿ ಬಂದು, ಹನ್ನೆರಡು ಸಲ.
ಐದನೆಯ ಸಲ ಬಿದ್ದಳು. ಏಳಹೋದೆ.
ಮಾರಿಸೆಲ್ ನನ್ನತ್ತ ಕೈ ಎತ್ತಿದಳು.
ಇಲ್ಲೂ ಅದೇ ನನ್ನ ಕೆಲಸ.

ಪರದೆಯ ಮೇಲೆ ಮಗಳಿಲ್ಲ.
ಕಪ್ಪಿನಲ್ಲಿ ಬಿಳಿ ಚುಕ್ಕಿ, ಚುಕ್ಕಿ ಕೂಡಿಸುವ ಕಡ್ಡಿ.
ಜಡೆಯಿಲ್ಲ, ಮುರಿದ ಮುಂಬಲ್ಲಿಲ್ಲ.
ಆದರೂ ನೂರು ಮಕ್ಕಳ ಚುಕ್ಕಿಗಳನ್ನು ಸಾಲಾಗಿ ನಡೆಸಿದರೂ
ಇವಳನ್ನು ಹಿಡಿದು ತೋರಿಸಿಯೇನು:
ಸೊಂಟ ಮೊದಲು ಹೊರಡುತ್ತದೆ,
ಕಾಲು ಆಮೇಲೆ ಒಪ್ಪಿಕೊಳ್ಳುತ್ತದೆ.

ಡಾಕ್ಟರ್ ಥುರಯ್ಯಾ ಗ್ರಾಫು ಬಿಡಿಸಿದರು.
(ಥುರಯ್ಯಾ ಅಂದರೆ ಕೃತ್ತಿಕೆ. ನಮ್ಮ ಫೋರ್‌ಮನ್
ರಾತ್ರಿ ಪಾಳಿಯಲ್ಲೊಮ್ಮೆ ಆಕಾಶಕ್ಕೆ ಟಾರ್ಚು ಹಿಡಿದು ಹೇಳಿದ್ದ.)
ಬೂದು ಪಟ್ಟಿ ಉಳಿದ ಮಕ್ಕಳದು, ಕೆಂಪು ಗೆರೆ ಜುಮಾನಾಳದು.
ಸೊಂಟ, ಮೊಣಕಾಲು, ಪಾದ, ಒಂದರ ಕೆಳಗೊಂದು
ರಸ್ತೆಯ ಏರಿಳಿತದ ನಕ್ಷೆಯಂತೆ.
ಓದಲು ನನಗೆ ಯಾರೂ ಕಲಿಸಬೇಕಿಲ್ಲ.
ಮೊಣಕಾಲಿನಲ್ಲಿ ಗೆರೆ ಪಟ್ಟಿ ಬಿಟ್ಟು ಎತ್ತರ ಹೋಗಿದೆ.
ಪಾದದಲ್ಲಿ
ಪಟ್ಟಿಯ ಒಳಗೇ ಇದೆ.

"ಹಿಮ್ಮಡಿ ಸರಿ ಇದೆ," ಬಿಡಿಸಿ ಬಿಡಿಸಿ ಆಡುವ ಹಿಂದಿ ಅವರದು,
"ಮೊಣಕಾಲು ಮಡಚಿಯೇ ಇರುವುದಕ್ಕೆ ಅದು ನೆಲ ಮುಟ್ಟುವುದಿಲ್ಲ.
ತೊಡೆಮೂಳೆ ಒಳಕ್ಕೆ ತಿರುಚಿದೆ, ತಿರುಗಿಸಿ ಕೂರಿಸಬೇಕು.
ತೊಡೆಯ ಹಿಂದಿನ ಸ್ನಾಯು ಸಡಿಲಿಸಬೇಕು. ಒಂದೇ ಸಲಕ್ಕೆ ಎಲ್ಲ.
ಹಿಮ್ಮಡಿ ಕೊಯ್ದಿದ್ದರೆ ಇನ್ನೂ ಕುಸಿಯುತ್ತಿದ್ದಳು."

ಸಹಮ್ ಹತ್ತಿರದ ತಿರುವಿನಲ್ಲಿ ಒಂದು ಮಳೆಗೆ ನೀರು ನಿಂತಿತ್ತು.
ನಿಂತಲ್ಲೇ ಮೂರು ಸಲ ಅಗೆದೆವು.
ನಾಲ್ಕನೆಯ ಸಲ ಕೋಲು ಹಿಡಿದು ಹಿಂದೆ ಹಿಂದೆ ಹೋದವನು ನಾನೇ:
ತಪ್ಪಿದ್ದದ್ದು ಅರವತ್ತು ಮೀಟರ್ ಹಿಂದೆ,
ಒಣಗಿದ, ಯಾರೂ ಬೈಯದ ಜಾಗದಲ್ಲಿ.
ಇಷ್ಟು ಗೊತ್ತಿದ್ದವನು
ಮಗಳ ಹಿಮ್ಮಡಿಗೆ ಹೂಂ ಅಂದಿದ್ದೆ.

"ಓಡುತ್ತಾಳಾ?" ಕೇಳಿದೆ.
"ಪಟ್ಟಿಯ ಹತ್ತಿರ ತರಬಹುದು. ಒಳಗೆ ಅಂತ ಹೇಳಲಾರೆ."
ಆರು ವಾರ ಗಾಲಿಕುರ್ಚಿ, ಒಂದು ವರ್ಷ ವ್ಯಾಯಾಮ.
ಖರ್ಚಿನ ಅಂಕಿಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಟ್ಟರು.

ಅಂಟುಬಿಲ್ಲೆ ಕೀಳುವಾಗ ಮಾರಿಸೆಲ್ ಅಂದಳು,
ಬಿದ್ದದ್ದನ್ನು ಲೆಕ್ಕದಿಂದ ತೆಗೆದುಹಾಕಿದ್ದೇನೆ ಎಂದು.
"ಯಾಕೆ?" ಜುಮಾನಾಗೆ ಸಿಟ್ಟು. "ಅದೂ ನಾನೇ ನಡೆದದ್ದು."

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮಿಸ್ರಿಯಾಳಿಗೆ ಫೋನು ಮಾಡಿದೆ.
ಎಲ್ಲ ಹೇಳಿ, ಕೊನೆಗೆ,
ಆ ರಶೀದಿ ಎಲ್ಲಿಟ್ಟಿದ್ದೀ ಅಂದೆ.
"ಒಲೆಗೆ ಹಾಕಿದ್ದೆ," ಅಂದಳು, "ಅವತ್ತೇ.
ಊಟ ಆಯಿತಾ ಮಗುವಿಗೆ?"