ಮೂವತ್ತನಾಲ್ಕರ ಸದ್ದು

ಆಂಡರ್ಸನ್‌ಪೇಟೆಯ ನನ್ನ ರೇಡಿಯೊ ಅಂಗಡಿಗೆ
ಆ ಹುಡುಗಿ ಬಂದದ್ದು ಸದ್ದು ಹುಡುಕಿಕೊಂಡು:
"ಚಿನ್ನಗಳ್ಳರ ಗೇಮ್ ಮಾಡ್ತಿದೀವಿ ಸಾರ್,
ಸಾವಿರದ ಒಂಬೈನೂರ ಮೂವತ್ತನಾಲ್ಕು.
ಲಾಟೀನು ಸಿಕ್ತು, ಟೋಪಿ ಸಿಕ್ತು,
ಆ ಕಾಲದ ಮ್ಯೂಸಿಕ್ ಸಿಗಲಿಲ್ಲ."

ಅಟ್ಟದಿಂದ ಇಳಿಸಿದೆ, ತಾತನ ಒಂದೇ ಒಂದು ಪ್ಲೇಟು.
ಕ್ಲಬ್ಬಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಸವರಿಮುತ್ತು.
ದೊರೆಗಳು ಕುಣಿಯಲು ವಾಲ್ಟ್ಸು,
ನಡುವೆ, ಅವರಿಗೆ ತಿಳಿಯದ ಹಾಗೆ,
ಒಂದು ಗೇಣು ಮೋಹನ.

ಪ್ಲೇಟಿಗೆ ಸೀಳು ಬಿದ್ದಿತ್ತು. ಮುಳ್ಳು ಏರಿತು, ಇಳಿಯಿತು,
ಶಾಫ್ಟಿನ ಕೇಜಿನ ಹಾಗೆ.
"ಕರಕರ ತೆಗೀಬೇಡಿ, ಅದೇ ಬೇಕು," ಅಂದಳು.
ಐನೂರು ಕೊಟ್ಟಳು. ಟೀ ಕುಡಿಯಲಿಲ್ಲ.

ಮೊನ್ನೆ ಮೊಮ್ಮಗಳ ಫೋನಿನಲ್ಲಿ ಆಟ ಬಂತು.
ಸೈನೈಡ್ ದಿಬ್ಬ ಅಷ್ಟು ಬೆಳ್ಳಗೆ ಎಂದೂ ಇರಲಿಲ್ಲ.
ಊರಿಗಾಂ ಸ್ಟೇಷನ್ನಿಗೆ ಇಲ್ಲದೊಂದು ಗಡಿಯಾರ.
ಕಳ್ಳ ಹತ್ತಿರ ಬಂದಾಗಲೆಲ್ಲ
ತಾತ ಊದುತ್ತಾನೆ.

ಆ ಹುಡುಗಿಗೆ ನಾನು ಹೇಳಿರಲಿಲ್ಲ:
ಒಂದು ರಾತ್ರಿ ಕ್ಲಬ್ಬಿನ ಹಿಂಬಾಗಿಲಲ್ಲಿ
ಪೊಲೀಸರು ಕ್ಲಾರಿನೆಟ್ಟನ್ನು ಐದು ತುಂಡಾಗಿ ಬಿಚ್ಚಿ
ಒಂದೊಂದನ್ನೂ ಕೊಡವಿದ್ದರು.
ಬಿದ್ದದ್ದು ಎಂಜಲು, ಬರೀ ಎಂಜಲು.
ಆಮೇಲೆ ಅವನು ಅದನ್ನು ಜೋಡಿಸಲೇ ಇಲ್ಲ.

"ತಾತ, ಇವನೇ ಇರ್ಬೇಕು ಕಳ್ಳ, ಮ್ಯೂಸಿಕ್ ಬಂತಲ್ಲ!"
ನಿಲ್ಲಿಸೇ, ಅಂದೆ.
ಒತ್ತಿದಳು. ಮಳೆಹನಿ ನಡುಗಾಳಿಯಲ್ಲಿ ನಿಂತಿತು,
ಎತ್ತಿದ ಲಾಠಿ ಎತ್ತಿದಲ್ಲೇ.
ಕ್ಲಾರಿನೆಟ್ ಮಾತ್ರ ನಿಲ್ಲಲಿಲ್ಲ.
ವಾಲ್ಟ್ಸು ದಾಟಿ ಆ ಗೇಣು ಮೋಹನಕ್ಕೆ ಬಂತು,
ಸೀಳಿನಲ್ಲಿ ಒಂದು ಸಲ ಎಡವಿ
ಮತ್ತೆ ಮೊದಲಿಂದ.