ಲಂಗರಿನವನ ಲೆಕ್ಕ

ಅರ್ಜಿಯಲ್ಲಿ ಕೇಳಿದ್ದರು. ಹೆಸರು: ಸೋಯ್ರು ಹುಲಸ್ವಾರ.
ಊರು ಚೆಂಡಿಯಾ. ಸೇವೆ ಹದಿನೇಳು ವರ್ಷ.
ಯಾವ ಯುದ್ಧ, ಎಂಬಲ್ಲಿ ಪೆನ್ನು ನಿಂತಿತು.
ನಾನು ಲಂಗರಿನವ, ಮೇಡಂ.
ಲಂಗರು ಅಂದರೆ ಕಾರವಾರದವರಿಗೆ ಹಡಗಿನದು,
ನನ್ನದು ಪಲ್ಟನ್ನಿನ ಅಡುಗೆಮನೆ.
ಗುಂಡು ಹಾರಿಸಿದ್ದಕ್ಕಿಂತ
ಈರುಳ್ಳಿ ಹೆಚ್ಚಿದ್ದೇ ಹೆಚ್ಚು.

ವಿನುತಾ ಮೇಡಂ ಆ ಸಾಲು ಖಾಲಿ ಬಿಟ್ಟು
ಕೆಳಗಿನದಕ್ಕೆ ಇಳಿದರು:
ಕುಡಿತ ಎಂದಿನಿಂದ?
ನೆನಪಿಲ್ಲ, ಅಂದೆ.
ತಾರೀಖು, ಹೊತ್ತು, ಗಾಳಿಯ ದಿಕ್ಕು ಸಮೇತ ನೆನಪಿತ್ತು.

ವಾರ್ಡಿಗೆ ಎರಡು ಕಿಟಕಿ.
ಒಂದರಲ್ಲಿ ಸಮುದ್ರ,
ಇನ್ನೊಂದರಲ್ಲಿ ಮೀನಿನ ಲಾರಿ ತೊಳೆಯುವ ಅಂಗಳ.
ಸಮುದ್ರದ ಕಡೆಯ ಮಂಚ ಹವಾಲ್ದಾರ ಶಾಣು ಗುನಗಿಗೆ.
ಇಲ್ಲಿಯೂ ರ‍್ಯಾಂಕು ಉಂಟು:
ಮೂರನೇ ಸಲ ಬಂದವ
ಮೊದಲ ಸಲದವನಿಗೆ ಸಾಹೇಬ.

ಮೂರು ರಾತ್ರಿ ಗೋಡೆ ತುಂಬ ಇರುವೆ.
ಇರುವೆ ಇರಲೇ ಇಲ್ಲ ಎಂದು ನಾಲ್ಕನೆಯ ದಿನ ತಿಳಿಯಿತು.
ಗಂಜಿತಿಳಿ ಕುಡಿಸಲು ಬಂದ ರೊಜಾಲಿನ್ ಸಿಸ್ಟರಿಗೆ
ಮಲಗಿದಲ್ಲಿಂದಲೇ ಸೆಲ್ಯೂಟ್ ಹೊಡೆದೆನಂತೆ,
ಚಮಚ ಹಾರಿ ಪಕ್ಕದವನ ತಲೆದಿಂಬಿಗೆ ಬಿತ್ತಂತೆ.

ಐದನೆಯ ರಾತ್ರಿ ಅರ್ಗಾದ ನೌಕಾನೆಲೆಯಲ್ಲಿ ಸೈರನ್ನು.
ಏಳು ಜನ ನಿದ್ದೆಯಲ್ಲೇ ಬೂಟು ಹುಡುಕಿದರು.
ನಾನು ಬೆಂಕಿಪೆಟ್ಟಿಗೆ ಹುಡುಕಿದೆ.

ಸಂಜೆ ವೃತ್ತಾಕಾರ ಕುರ್ಚಿ ಹಾಕಿ ಮಾತುಕತೆ.
ಒಬ್ಬನದು ಬಂಕರು. ಒಬ್ಬನದು ಎಂಜಿನ್ ಕೋಣೆಯ ಹೊಗೆ.
ಒಬ್ಬ ಬರೀ ಅಂಗೈ ನೋಡಿಕೊಳ್ಳುತ್ತಾನೆ.
‘ನಿಂಗೆ ಎಂತಾಗಿತ್ತೋ?
ಸಾರಿಗೆ ಉಪ್ಪು ಹೆಚ್ಚಾಗಿತ್ತಾ?’
ಎಲ್ಲರೂ ನಕ್ಕರು.
ನಾನೂ ನಕ್ಕೆ. ನಕ್ಕು ಅಭ್ಯಾಸವಿದೆ.

ಒಂಬತ್ತನೆಯ ದಿನ ಹೇಳಿದೆ.

ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ,
ಅಕ್ಕಿ ಮಾತ್ರ ಬೇಯುವುದಿಲ್ಲ.
ಚಹಾ ಆಗುತ್ತದೆ, ಅಷ್ಟೆ.
ಗಸ್ತಿಗೆ ಹೋದವರು ಹದಿನಾಲ್ಕು.
ಸಾಲಾಗಿ ಇಟ್ಟ ಮಗ್ಗು ಹದಿನಾಲ್ಕು.
ಬಂದು ಎತ್ತಿಕೊಂಡದ್ದು ಒಂಬತ್ತು.
ಉಳಿದವಕ್ಕೆ ಮೊದಲು ಕೆನೆ ಕಟ್ಟಿತು,
ಆಮೇಲೆ ಹಿಮ.
ಚೆಲ್ಲಿಬಿಡು, ಅಂದರು ಸಾಹೇಬರು.
ಹೆಸರಿದ್ದ ಮಗ್ಗುಗಳು. ಚೆಲ್ಲುವುದು ಹೇಗೆ?
ಕರಗಿಸಿ ಕುಡಿದೆ, ಐದನ್ನೂ.
ಮರುದಿನ ಅವರ ಪಾಲಿನ ರಮ್ಮೂ ಉಳಿದಿತ್ತು.

ಪಿಂಚಣಿ ಬಂತು, ಕ್ಯಾಂಟೀನಿನ ಕಾರ್ಡು ಬಂತು,
ತಿಂಗಳ ಕೋಟಾ ತೀರಿದರೆ ಮಾಜಾಳಿ ದಾಟಿ ಗೋವೆ,
ಮಗಳ ಮದುವೆಯ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ.
ಐವರ ಪಾಲು ಇನ್ನೂ ತೀರಿಲ್ಲ, ಮೇಡಂ.

ಯಾರೂ ನಗಲಿಲ್ಲ.
ಶಾಣು ಗುನಗಿ ಎದ್ದು ಬೀಡಿಗೆ ಹೋದ,
ಬಾಗಿಲಲ್ಲಿ ತಿರುಗಿ, ಆದೇಶದ ದನಿಯಲ್ಲೇ:
‘ನಾಳೆಯಿಂದ ಚಹಾ ನೀನು ಮಾಡ್ಬೇಕು.’

ಹನ್ನೊಂದು ಜನ, ಹನ್ನೊಂದು ಸ್ಟೀಲು ಲೋಟ.
ಕೈ ನಡುಗಿ ಸಕ್ಕರೆ ಚೆಲ್ಲಿತು,
ಇರುವೆ ಬಂದವು.
ಸಿಸ್ಟರನ್ನು ಕರೆದು ಕೇಳಿ ಖಾತ್ರಿ ಮಾಡಿಕೊಂಡೆ:
ಈ ಸಲ ನಿಜವಾದವು.

ಹದಿನಾರನೆಯ ಬೆಳಿಗ್ಗೆ ಒಂದು ಲೋಟ ಉಳಿಯಿತು.

ಸಮುದ್ರದ ಕಡೆಯ ಮಂಚದಲ್ಲಿ
ಚಾದರ ಅಳತೆ ಹಿಡಿದಂತೆ ಮಡಿಸಿಟ್ಟಿತ್ತು.
ವಾಚ್‌ಮನ್ ಅಂದ: ನಸುಕಿಗೇ ಹೋದರು,
ಕಾಳಿಯ ಕುಸಿದ ಸೇತುವೆಯ ಪಕ್ಕದ ಸೇತುವೆ ಮೇಲೆ,
ಸದಾಶಿವಗಡದ ಕಡೆ, ನಡೆದೇ.
ವಿನುತಾ ಮೇಡಂ ಫೋನು ಹಿಡಿದು ಹೊರಗೆ ಓಡಿದರು.

ಲೋಟಕ್ಕೆ ತಟ್ಟೆ ಮುಚ್ಚಿದೆ.
ಹತ್ತು ಗಂಟೆಗೆ ನೋಡಿದೆ, ಕೆನೆ.
ಮಧ್ಯಾಹ್ನ ನೋಡಿದೆ.
ಸಂಜೆ ದೇವಗಡದ ದೀಪ ಮಿನುಗತೊಡಗಿದಾಗ
ಎತ್ತಿಕೊಂಡೆ. ತುಟಿಯ ತನಕ ಬಂತು.
ತಣ್ಣಗಿನ ಚಹಾದ ವಾಸನೆ ನನಗೆ ಗೊತ್ತು,
ಬೇರೆ ಯಾರಿಗೂ ಅಷ್ಟು ಗೊತ್ತಿಲ್ಲ.

ಮೋರಿಗೆ ಚೆಲ್ಲಿದೆ.
ಕಂದು ನೀರು ಸುತ್ತು ಹಾಕಿ ಇಳಿಯುವವರೆಗೂ
ನಳ ಹಿಡಿದುಕೊಂಡು ನಿಂತಿದ್ದೆ.

ಲೋಟ ಬೂದಿಯಿಂದ ಉಜ್ಜಿ ಬೋರಲು ಹಾಕಿದೆ.
ಬೆಳಿಗ್ಗೆ ಪಾತ್ರೆಗೆ ನೀರು ಅಳೆಯುವಾಗ
ಸಿಸ್ಟರ್ ಬಾಗಿಲಲ್ಲಿ ನಿಂತು ಬೆರಳು ಮಡಚಿ ಎಣಿಸಿದಳು,
ಏನೋ ಹೇಳಲು ಹೋಗಿ ಬಿಟ್ಟಳು.
ನಾನು ಹನ್ನೊಂದಕ್ಕೇ ಅಳೆದೆ.